ಎರಡು ಗಂಟೆಯ ದೂರ

1894ರಲ್ಲಿ ಮೈಸೂರು ಸಂಸ್ಥಾನ ಒಂದು ಕಾಯ್ದೆ ತಂದಿತು. ಎಂಟು ವರ್ಷ ತುಂಬದ ಹುಡುಗಿಗೆ ಮದುವೆ ಮಾಡಿದರೆ ಶಿಕ್ಷೆ. ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯ ಕೈ ಹಿಡಿದರೂ ಶಿಕ್ಷೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತ ಇಷ್ಟನ್ನು ಹೇಳುವುದಕ್ಕೂ ಸಂಪ್ರದಾಯಸ್ಥರ ವಿರೋಧವನ್ನು ಎದುರಿಸಬೇಕಾಯಿತು.

ಆ ಕಾಯ್ದೆಯನ್ನು ಇವತ್ತು ಓದಿದರೆ ಮನಸ್ಸು ಕಲಕುತ್ತದೆ. ಎಂಟು ವರ್ಷಕ್ಕೆ ಗೆರೆ ಎಳೆಯಬೇಕಾಯಿತು ಎಂದಮೇಲೆ ಅದಕ್ಕೂ ಚಿಕ್ಕ ಮಕ್ಕಳು ಹಸೆಮಣೆ ಏರುತ್ತಿದ್ದರು ಎಂದೇ ಅರ್ಥ. ಹಾಗೆ ಮದುವೆಯಾದ ಹುಡುಗಿ ಮೈನೆರೆದ ಮೇಲೆ ಗಂಡನ ಮನೆ ಸೇರುತ್ತಿದ್ದಳು. ಸೊಂಟದ ಮೂಳೆ ಬೆಳೆದು ಅಗಲವಾಗುವ ಮೊದಲೇ ಬಸುರಾಗುತ್ತಿದ್ದಳು. ಮಗುವಿನ ತಲೆಗೆ ದಾರಿ ಸಾಲದೆ ಎರಡು ಮೂರು ದಿನ ನೋವು ತಿಂದು ಸತ್ತವರ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ. ಹೆರಿಗೆ ಎಂದರೆ ಹೆಣ್ಣಿಗೆ ಮರುಹುಟ್ಟು ಎಂದು ಹಿರಿಯರು ಹೇಳುತ್ತಿದ್ದುದು ಕಣ್ಣಾರೆ ಕಂಡದ್ದನ್ನೇ.

ಬಸುರಿ, ಬಾಣಂತಿಯರ ಸಾವಿಗೆ ಒಂದೇ ಕಾರಣವಿಲ್ಲ. ಪ್ರತಿ ಕಾರಣಕ್ಕೂ ಅದರದೇ ಗಡುವು ಇದೆ. ಅಮೆರಿಕದ ಸಂಶೋಧಕಿ ಡೆಬೊರಾ ಮೇನ್ ಈ ಗಡುವುಗಳನ್ನು ಅಂದಾಜು ಮಾಡಿ ಪಟ್ಟಿ ಮಾಡಿದರು. ಹೆರಿಗೆಯ ನಂತರ ನಂಜು ಏರಿದರೆ ಸಾವಿಗೆ ಸುಮಾರು ಆರು ದಿನ. ಮಗು ಸಿಕ್ಕಿಕೊಂಡರೆ ಮೂರು ದಿನ. ರಕ್ತದೊತ್ತಡ ಏರಿ ಫಿಟ್ಸ್ ಬಂದರೆ ಎರಡು ದಿನ. ಹೆರಿಗೆಯಾದ ಮೇಲೆ ರಕ್ತ ಹರಿಯತೊಡಗಿದರೆ ಎರಡೇ ಗಂಟೆ. ಕರ್ನಾಟಕದಲ್ಲಿ ತಾಯಂದಿರ ಸಾವು ಇಳಿದ ಚರಿತ್ರೆಯನ್ನು ಈ ಗಡುವುಗಳ ಜೊತೆಗಿಟ್ಟು ನೋಡಬೇಕು. ನೆರವು ಎಷ್ಟು ಹತ್ತಿರ ಬಂತೋ ಅಷ್ಟು ತಾಯಂದಿರು ಉಳಿದರು. ದೂರದಲ್ಲೇ ಉಳಿದ ಕಡೆ ಈಗಲೂ ಸಾಯುತ್ತಿದ್ದಾರೆ.

ನಂಜಿನ ಕಾಲ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೆರಿಗೆ ಆಸ್ಪತ್ರೆ ಪಟ್ಟಣದ ಸಂಗತಿಯಾಗಿತ್ತು. ಮದರಾಸಿನಲ್ಲಿ 1844ರಲ್ಲೇ ಹೆರಿಗೆ ಆಸ್ಪತ್ರೆ ಶುರುವಾಗಿತ್ತು. ಹೆಂಗಸರಿಗೆ ಹೆಂಗಸರಿಂದಲೇ ಚಿಕಿತ್ಸೆ ಸಿಗಲೆಂದು ವೈಸ್‌ರಾಯರ ಪತ್ನಿ ಲೇಡಿ ಡಫರಿನ್ 1885ರಲ್ಲಿ ನಿಧಿಯೊಂದನ್ನು ಸ್ಥಾಪಿಸಿದರು. ಸೂಲಗಿತ್ತಿಯರಿಗೆ ತರಬೇತಿ ಕೊಡಲು ಲೇಡಿ ಕರ್ಜನ್ 1903ರಲ್ಲಿ ಇನ್ನೊಂದು ನಿಧಿ ಕಟ್ಟಿದರು. ಮೈಸೂರಿನ ಚೆಲುವಾಂಬ ಆಸ್ಪತ್ರೆ, 1935ರಲ್ಲಿ ಬೆಂಗಳೂರಿನಲ್ಲಿ ತೆರೆದ ವಾಣಿ ವಿಲಾಸ ಆಸ್ಪತ್ರೆ, ಎರಡೂ ರಾಜಮನೆತನದ ಹೆಣ್ಣುಮಕ್ಕಳ ಹೆಸರು ಹೊತ್ತು ನಿಂತವು. ಅಲ್ಲಿಗೆ ಬರುತ್ತಿದ್ದವರು ಪಟ್ಟಣದವರು, ಇಲ್ಲವೇ ಗಾಡಿ ಕಟ್ಟಿಸಿಕೊಂಡು ಬರುವ ಅನುಕೂಲವಿದ್ದವರು.

ಹಳ್ಳಿಯಲ್ಲಿ ಹೆರಿಗೆಯೆಲ್ಲ ಸೂಲಗಿತ್ತಿಯ ಕೈಯಲ್ಲಿತ್ತು. ಅವಳ ಕೈಗುಣವನ್ನು ಹಗುರವಾಗಿ ಕಾಣುವಂತಿಲ್ಲ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ಸುಮಾರು ಎಪ್ಪತ್ತು ವರ್ಷಗಳಲ್ಲಿ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, ಒಂದು ಕಾಸೂ ಮುಟ್ಟಲಿಲ್ಲ. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹೊಟ್ಟೆಯ ಮೇಲೆ ಕೈಯಿಟ್ಟು ಮಗುವಿನ ತಲೆ, ನಾಡಿ ತಿಳಿಯುವಷ್ಟು ಅನುಭವ ಅವರದು. ಎಲ್ಲ ಊರಿನಲ್ಲೂ ನರಸಮ್ಮ ಇರಲಿಲ್ಲ. ಕುಡುಗೋಲಿನಿಂದಲೋ ಬಿದಿರಿನ ಸೀಳಿನಿಂದಲೋ ಹೊಕ್ಕುಳಬಳ್ಳಿ ಕೊಯ್ಯುವುದು, ತೊಳೆಯದ ಕೈಯನ್ನು ಒಳಗೆ ಹಾಕುವುದು, ಮಾಸು ಬೀಳದಿದ್ದರೆ ಎಳೆಯುವುದು ಎಷ್ಟೋ ಕಡೆ ನಡೆಯುತ್ತಿತ್ತು. ಗಾಳಿ ಬೆಳಕಿಲ್ಲದ ಮೂಲೆಯ ಕೋಣೆಯಲ್ಲಿ ಕೆಂಡದ ಹೊಗೆಯ ನಡುವೆ ಬಾಣಂತಿ ಮಲಗುತ್ತಿದ್ದಳು. ಬಾಯಾರಿದರೂ ನೀರಿಗೆ ಅಳತೆ. ಮೂರನೆಯ ದಿನಕ್ಕೆ ಚಳಿಜ್ವರ ಬಂದರೆ ಸನ್ನಿ ಎನ್ನುತ್ತಿದ್ದರು, ಗಾಳಿ ಸೋಕಿದೆ ಎನ್ನುತ್ತಿದ್ದರು, ಮಂತ್ರ ಹಾಕಿಸುತ್ತಿದ್ದರು. ಆರು ದಿನದ ಗಡುವು ಹೀಗೆ ಮುಗಿದುಹೋಗುತ್ತಿತ್ತು.

ವೈದ್ಯರ ಕೈಯೇ ನಂಜನ್ನು ತಾಯಂದಿರಿಗೆ ಹೊತ್ತೊಯ್ಯುತ್ತದೆ ಎಂದು ವಿಯೆನ್ನಾದಲ್ಲಿ ಸೆಮ್ಮೆಲ್ವೀಸ್ 1847ರಲ್ಲೇ ತೋರಿಸಿದ್ದರು. ಕ್ಲೋರಿನ್ ನೀರಿನಲ್ಲಿ ಕೈ ತೊಳೆಸಿ ತಮ್ಮ ವಾರ್ಡಿನ ಸಾವುಗಳನ್ನು ಇಳಿಸಿದ್ದರು. ಆ ತಿಳಿವಳಿಕೆ ನಮ್ಮ ಹಳ್ಳಿಯ ಹೆರಿಗೆ ಕೋಣೆ ತಲುಪುವ ಹೊತ್ತಿಗೆ ನೂರು ವರ್ಷ ಕಳೆದಿತ್ತು.

ಎಷ್ಟು ಜನ ಸಾಯುತ್ತಿದ್ದರು ಎಂಬ ಅಂದಾಜು ಸಿಕ್ಕಿದ್ದು 1933ರಲ್ಲಿ. ಭಾರತೀಯ ವೈದ್ಯಕೀಯ ಸೇವೆಯ ಮುಖ್ಯಸ್ಥರಾಗಿದ್ದ ಸರ್ ಜಾನ್ ಮೆಗಾ ಹಳ್ಳಿಗಳ ವೈದ್ಯರಿಂದ ಮಾಹಿತಿ ತರಿಸಿಕೊಂಡು, ಸಾವಿರ ಹೆರಿಗೆಗೆ ಸುಮಾರು 24 ತಾಯಂದಿರು ಸಾಯುತ್ತಿದ್ದಾರೆ ಎಂದು ಲೆಕ್ಕ ಹಾಕಿದರು. ದೇಶದ ಆರೋಗ್ಯ ಸ್ಥಿತಿಯನ್ನು ಪರಿಶೀಲಿಸಿದ ಭೋರ್ ಸಮಿತಿಯ 1946ರ ವರದಿ ಸಾವಿರಕ್ಕೆ 20 ಎಂದಿತು. ಅಂದರೆ ವರ್ಷಕ್ಕೆ ಎರಡು ಲಕ್ಷ ತಾಯಂದಿರು. ಆರು ಸಲ ಹೆತ್ತ ಹೆಣ್ಣುಮಗಳು ಹೆರಿಗೆಯಲ್ಲೇ ಸಾಯುವ ಸಂಭವ ಒಂಬತ್ತರಲ್ಲಿ ಒಂದರಷ್ಟು. ಅರವತ್ತು ಸಾವಿರ ಜನರಿಗೆ ಒಬ್ಬಳೇ ತರಬೇತಾದ ಸೂಲಗಿತ್ತಿ ಇದ್ದಾಳೆ ಎಂಬುದನ್ನೂ ಅದೇ ಸಮಿತಿ ದಾಖಲಿಸಿತು.

ಮಂಡ್ಯ ಮತ್ತು ಕಲುತರ

ಮೈಸೂರು ಸಂಸ್ಥಾನ ಸುಮ್ಮನೆ ಕೂತಿರಲಿಲ್ಲ. ಬೆಂಗಳೂರು ಮತ್ತು ಮೈಸೂರಿನಲ್ಲಿ 1930ರಲ್ಲಿ ಸಂತಾನ ನಿಯಂತ್ರಣದ ಕೇಂದ್ರಗಳನ್ನು ತೆರೆಯಲು ಆದೇಶಿಸಿತು. ಪದೇ ಪದೇ ಹೆತ್ತು ಸವೆದುಹೋದ ಹೆಣ್ಣಿಗೆ ಸರ್ಕಾರವೇ ದಾರಿ ತೋರಬೇಕು ಎಂದು ಆ ಕಾಲದಲ್ಲಿ ಯೋಚಿಸಿದ ಆಡಳಿತಗಳು ಜಗತ್ತಿನಲ್ಲೇ ಅಪರೂಪ. ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮಂಡ್ಯದಲ್ಲಿ ಗ್ರಾಮೀಣ ಆರೋಗ್ಯ ಘಟಕ ಆರಂಭವಾದದ್ದೂ ಆ ಆಸುಪಾಸಿನಲ್ಲೇ. ಮನೆಮನೆಗೆ ಹೋಗುವ ಆರೋಗ್ಯ ಸಿಬ್ಬಂದಿ, ಬಸುರಿಯರ ನೋಂದಣಿ, ತರಬೇತಾದ ದಾದಿಯಿಂದ ಹೆರಿಗೆ, ಇವು ಅದರ ಕೆಲಸ.

ಇಂಥದೇ ಘಟಕ ಸಿಲೋನಿನ (ಇಂದಿನ ಶ್ರೀಲಂಕಾದ) ಕಲುತರದಲ್ಲಿ 1926ರಲ್ಲಿ ಶುರುವಾಗಿತ್ತು. ಅಲ್ಲಿಂದ ಮುಂದಕ್ಕೆ ಎರಡೂ ಕಡೆಯ ದಾರಿ ಬೇರೆಯಾಯಿತು. ಸಿಲೋನ್ ಕಲುತರದ ಮಾದರಿಯನ್ನು ದ್ವೀಪದ ಉದ್ದಗಲಕ್ಕೂ ಹಬ್ಬಿಸಿತು. ಕೆಲವು ಸಾವಿರ ಜನರಿಗೆ ಒಬ್ಬಳಂತೆ ಸರ್ಕಾರಿ ಸೂಲಗಿತ್ತಿಯನ್ನು ಊರಲ್ಲೇ ಇರಿಸಿತು. ಅವಳಿಗೆ ಕೈಮೀರಿದ ಹೆರಿಗೆಗೆ ಉಚಿತ ಆಸ್ಪತ್ರೆ ಕಟ್ಟಿತು. ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸಿತು. 1930ರ ದಶಕದಲ್ಲಿ ಲಕ್ಷ ಜನನಕ್ಕೆ 2,000ಕ್ಕೂ ಮೇಲಿದ್ದ ಸಾವು 1950ರ ದಶಕದ ಆರಂಭಕ್ಕೆ 600ರ ಒಳಗೆ ಇಳಿಯಿತು. ಆಗ ಆ ದೇಶವೂ ಬಡದೇಶವೇ. ಮಂಡ್ಯದ ಪ್ರಯೋಗ ಮಾತ್ರ ಇಡೀ ರಾಜ್ಯಕ್ಕೆ ಹಬ್ಬಲಿಲ್ಲ.

ಅಷ್ಟರಲ್ಲಿ ಔಷಧಗಳು ಬಂದಿದ್ದವು. ನಂಜಿಗೆ ಸಲ್ಫಾ 1935ರಲ್ಲಿ ಬಂತು, ಪೆನಿಸಿಲಿನ್ ಎರಡನೆಯ ಮಹಾಯುದ್ಧದ ಹೊತ್ತಿಗೆ ಬಂತು. ಗರ್ಭಕೋಶವನ್ನು ಬಿಗಿಸುವ ಅರ್ಗೊಮೆಟ್ರಿನ್ ಕೂಡ 1935ರದೇ. ಯುದ್ಧಕಾಲ ರಕ್ತನಿಧಿಗಳನ್ನು ಬೆಳೆಸಿತು. 1934ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷ ಜನನಕ್ಕೆ 400ಕ್ಕೂ ಹೆಚ್ಚು ತಾಯಂದಿರು ಸಾಯುತ್ತಿದ್ದರು. 1950ರ ಹೊತ್ತಿಗೆ ಅದು ನೂರರ ಒಳಗೆ ಬಂತು. ತಾಯಿಯನ್ನು ಉಳಿಸಲು ಬೇಕಾದ ವಿದ್ಯೆಯ ಬಹುಪಾಲು ಆಗಲೇ ಮನುಷ್ಯನ ಕೈಯಲ್ಲಿತ್ತು. ರಾಯಚೂರು, ಕಲಬುರಗಿಯ ಹಳ್ಳಿಗಳಿಗೆ ಅದು ಬರಲು ಇನ್ನೂ ಅರ್ಧ ಶತಮಾನ ಬೇಕಾಯಿತು.

ನರ್ಸಮ್ಮನಿಗೆ ಸಿಕ್ಕ ಬೇರೆ ಕೆಲಸ

1952ರಿಂದ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಬಂದವು. ಉಪಕೇಂದ್ರಗಳಿಗೆ ಎಎನ್‌ಎಂ, ಅಂದರೆ ಊರವರ ನರ್ಸಮ್ಮ, ಬಂದಳು. ಹೆರಿಗೆ ಮಾಡಿಸುವುದು ಅವಳ ಮೊದಲ ಕೆಲಸವಾಗಬೇಕಿತ್ತು. 1960ರ ದಶಕದ ನಂತರ ಸರ್ಕಾರದ ಗಮನವೆಲ್ಲ ಜನಸಂಖ್ಯೆಯ ಮೇಲೆ ನೆಟ್ಟಿತು. ನರ್ಸಮ್ಮನ ತಿಂಗಳ ಲೆಕ್ಕ ಸಂತಾನಹರಣದ ಆಪರೇಷನ್‌ಗೆ ಎಷ್ಟು ಜನರನ್ನು ಕರೆತಂದಳು ಎಂಬುದಾಯಿತು. 1970ರ ದಶಕದಲ್ಲಿ ಅವಳನ್ನು ಹಲವು ಕೆಲಸಗಳ ಕಾರ್ಯಕರ್ತೆಯನ್ನಾಗಿ ಮಾಡಿ, ತರಬೇತಿಯನ್ನು ಎರಡು ವರ್ಷದಿಂದ ಒಂದೂವರೆ ವರ್ಷಕ್ಕೆ ಇಳಿಸಿದರು. ಹೆರಿಗೆಯ ಕೈ ಪಳಗುವ ಅವಕಾಶವೇ ತಪ್ಪಿತು. ಗುರಿಗಳ ಈ ಪದ್ಧತಿ ಅಧಿಕೃತವಾಗಿ ಕೊನೆಗೊಂಡದ್ದು 1996ರಲ್ಲಿ.

1970ರ ದಶಕದ ಒಳ್ಳೆಯ ಕೆಲಸ ಒಂದಿದೆ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆ ಕಡ್ಡಿ, ಬೇರು, ಗುಟ್ಟಿನ ಔಷಧಗಳಿಂದ ಸಾಯುತ್ತಿದ್ದ ಹೆಂಗಸರಿಗೆ ಆಸ್ಪತ್ರೆಯ ಬಾಗಿಲು ತೆರೆಯಿತು. ಆದರೂ ಆ ಬಾಗಿಲು ಹಳ್ಳಿಯಿಂದ ದೂರದಲ್ಲೇ ಉಳಿಯಿತು. ಮೂವತ್ತು ವರ್ಷಗಳ ಮೇಲೂ ದೇಶದ ತಾಯಂದಿರ ಸಾವುಗಳಲ್ಲಿ ಶೇ. 8 ಗರ್ಭಪಾತಕ್ಕೆ ಸಂಬಂಧಿಸಿದ್ದವು.

ಜಗತ್ತು ಈ ವಿಷಯಕ್ಕೆ ಕಣ್ಣು ತೆರೆದದ್ದು ತಡವಾಗಿ. ತಾಯಿ ಮಕ್ಕಳ ಆರೋಗ್ಯ ಎಂಬ ಕಾರ್ಯಕ್ರಮಗಳಲ್ಲಿ ತಾಯಿ ಎಲ್ಲಿದ್ದಾಳೆ ಎಂದು ಸಂಶೋಧಕರಾದ ರೋಸೆನ್‌ಫೀಲ್ಡ್ ಮತ್ತು ಮೇನ್ 1985ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಕೇಳಿದರು. 1987ರಲ್ಲಿ ನೈರೋಬಿಯಲ್ಲಿ ಸುರಕ್ಷಿತ ತಾಯ್ತನದ ಸಮ್ಮೇಳನ ನಡೆಯಿತು. ಮೂರು ವಿಳಂಬಗಳು ತಾಯಿಯನ್ನು ಕೊಲ್ಲುತ್ತವೆ ಎಂಬ ವಿವರಣೆ 1990ರ ದಶಕದಲ್ಲಿ ಬಂತು: ಹೊರಡಲು ಮನಸ್ಸು ಮಾಡುವುದರಲ್ಲಿ ತಡ, ಆಸ್ಪತ್ರೆ ತಲುಪುವುದರಲ್ಲಿ ತಡ, ತಲುಪಿದ ಮೇಲೆ ಚಿಕಿತ್ಸೆ ಸಿಗುವುದರಲ್ಲಿ ತಡ.

ಕರ್ನಾಟಕದೊಳಗೇ ಎರಡು ನಾಡುಗಳಿವೆ ಎಂಬುದನ್ನು ಡಾ. ಎಚ್. ಸುದರ್ಶನ್ ಅಧ್ಯಕ್ಷತೆಯ ಆರೋಗ್ಯ ಕಾರ್ಯಪಡೆ 2001ರ ವರದಿಯಲ್ಲಿ ಎತ್ತಿ ಹೇಳಿತು. ಉತ್ತರದ ಜಿಲ್ಲೆಗಳು ಆಸ್ಪತ್ರೆ, ವೈದ್ಯರು, ಸಿಬ್ಬಂದಿ ಎಲ್ಲದರಲ್ಲೂ ಹಿಂದೆ ಉಳಿದಿದ್ದವು. ಕೊಪ್ಪಳದಲ್ಲಿ ಆ ದಶಕದಲ್ಲಿ ಸಂಶೋಧಕರು ಸತ್ತ ತಾಯಂದಿರ ಮನೆಗಳಿಗೆ ಹೋಗಿ ಕೊನೆಯ ದಿನಗಳ ಕಥೆ ಕೇಳಿದರು. ಮನೆಯವರ ಅಜ್ಞಾನವೇ ಕಾರಣ ಎಂಬ ಸುಲಭದ ಮಾತು ಅಲ್ಲಿ ನಿಲ್ಲಲಿಲ್ಲ. ಮನೆಯವರು ನೆರವು ಹುಡುಕಿಕೊಂಡು ಹೋಗಿದ್ದರು. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಚೀಟಿ ಹಿಡಿದು ಅಲೆದಿದ್ದರು. ಒಂದು ಕಡೆ ಡಾಕ್ಟರಿಲ್ಲ, ಇನ್ನೊಂದು ಕಡೆ ರಕ್ತವಿಲ್ಲ. ಗುಳೆ ಹೋದ ಬಸುರಿಯರ ಹೆಸರಂತೂ ಯಾವ ಉಪಕೇಂದ್ರದ ಪುಸ್ತಕದಲ್ಲೂ ನಿಲ್ಲುತ್ತಿರಲಿಲ್ಲ.

ಬೆಳಗಾವಿಯ ಮೂರು ಮಾತ್ರೆ

ನಂಜಿನ ಆರು ದಿನದೊಳಗೆ ಎತ್ತಿನ ಗಾಡಿಯಲ್ಲಾದರೂ ಪಟ್ಟಣದ ಆಸ್ಪತ್ರೆ ಮುಟ್ಟಬಹುದು. ರಕ್ತಸ್ರಾವಕ್ಕೆ ಆ ಕಾಲಾವಕಾಶವಿಲ್ಲ. ತುಂಬು ಬಸುರಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಾಸು ಬಿದ್ದ ಮೇಲೆ ಗರ್ಭಕೋಶ ಮುಷ್ಟಿ ಬಿಗಿದಂತೆ ಕುಗ್ಗಿ ರಕ್ತನಾಳಗಳನ್ನು ಮುಚ್ಚಬೇಕು. ಅದು ಮೆತ್ತಗೆ ಉಳಿದರೆ ರಕ್ತ ನಿಲ್ಲುವುದಿಲ್ಲ. 2001ರಿಂದ 2003ರ ಅವಧಿಯ ಮಾದರಿ ನೋಂದಣಿ ಸಮೀಕ್ಷೆಯ ಪ್ರಕಾರ ಭಾರತದ ತಾಯಂದಿರ ಸಾವುಗಳಲ್ಲಿ ಶೇ. 38 ರಕ್ತಸ್ರಾವದಿಂದ, ಶೇ. 11 ನಂಜಿನಿಂದ ಆಗುತ್ತಿದ್ದವು. ಆರು ದಿನದ ಸಾವು ಹಿಂದೆ ಸರಿದು, ಎರಡು ಗಂಟೆಯ ಸಾವು ಮುಂದೆ ನಿಂತಿತ್ತು.

ಅದನ್ನು ತಡೆಯುವ ಆಕ್ಸಿಟೋಸಿನ್ ಎಂಬ ಚುಚ್ಚುಮದ್ದು ಆಗಲೇ ಇತ್ತು. ಅದನ್ನು ತಂಪಿನಲ್ಲಿ ಇಡಬೇಕು, ಚುಚ್ಚಲು ಬಲ್ಲವರು ಬೇಕು. ಕರೆಂಟಿಲ್ಲದ ಉಪಕೇಂದ್ರದಲ್ಲಿ ತಂಪು ಎಲ್ಲಿಂದ? ಅದನ್ನು ತಾವಾಗಿಯೇ ಕೊಡುವ ಅನುಮತಿಯೂ ಆಗ ನರ್ಸಮ್ಮಂದಿರಿಗೆ ಇರಲಿಲ್ಲ.

ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಹೋದ್ಯೋಗಿಗಳ ಜೊತೆ ಸೇರಿ ಈ ಪ್ರಶ್ನೆಯನ್ನು ಎತ್ತಿಕೊಂಡರು. ಮೈಸೊಪ್ರೊಸ್ಟಾಲ್ ಎಂಬ ಮಾತ್ರೆಗೆ ಫ್ರಿಜ್ ಬೇಡ, ಸೂಜಿ ಬೇಡ, ನುಂಗಿದರೆ ಸಾಕು. ಮನೆಯಲ್ಲೋ ಉಪಕೇಂದ್ರದಲ್ಲೋ ನರ್ಸಮ್ಮ ಇದನ್ನು ಕೊಟ್ಟರೆ ರಕ್ತಸ್ರಾವ ಕಡಿಮೆಯಾಗುತ್ತದೆಯೇ? 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹಳ್ಳಿಗಳಲ್ಲಿ 1,620 ಹೆಂಗಸರು ಈ ಅಧ್ಯಯನದಲ್ಲಿ ಪಾಲ್ಗೊಂಡರು. ಮಗು ಹುಟ್ಟಿದ ಕೂಡಲೇ ಅರ್ಧದಷ್ಟು ಬಾಣಂತಿಯರಿಗೆ ಒಟ್ಟು 600 ಮೈಕ್ರೋಗ್ರಾಂನ ಮೂರು ಮಾತ್ರೆ. ಉಳಿದವರಿಗೆ ಹಾಗೆಯೇ ಕಾಣುವ, ಔಷಧವಿಲ್ಲದ ಮಾತ್ರೆ. ಯಾರಿಗೆ ಯಾವುದು ಎಂದು ಕೊಡುವ ನರ್ಸಮ್ಮನಿಗೂ ಗೊತ್ತಿಲ್ಲ.

ಅಧ್ಯಯನಕ್ಕೆ ಇನ್ನೊಂದು ತೊಡಕಿತ್ತು. ಎಷ್ಟು ರಕ್ತ ಹೋಯಿತೆಂದು ಅಳೆಯುವುದು ಹೇಗೆ? ಹಳೆಯ ಸೀರೆ, ಗೋಣಿತಟ್ಟು, ನೆಲ ಎಲ್ಲ ರಕ್ತವನ್ನು ಹೀರುತ್ತವೆ. ಕಣ್ಣಂದಾಜು ಯಾವಾಗಲೂ ಕಡಿಮೆಯೇ. ಸಂಶೋಧಕರು ಒಂದು ಪ್ಲಾಸ್ಟಿಕ್ ಹಾಳೆ ರೂಪಿಸಿದರು. ಬಾಣಂತಿಯ ಕೆಳಗೆ ಹಾಸಿದರೆ ರಕ್ತ ಕೊಳವೆಯಂತೆ ಕಿರಿದಾಗುವ ಚೀಲದೊಳಗೆ ಇಳಿಯುತ್ತದೆ. ಚೀಲದ ಮೇಲಿನ ಗೆರೆಗಳು ಅಳತೆ ಹೇಳುತ್ತವೆ.

ಫಲಿತಾಂಶ 2006ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ಔಷಧವಿಲ್ಲದ ಮಾತ್ರೆ ಪಡೆದವರಲ್ಲಿ ಶೇ. 12ರಷ್ಟು ಬಾಣಂತಿಯರಿಗೆ ಅರ್ಧ ಲೀಟರ್ ಅಥವಾ ಅದಕ್ಕೂ ಹೆಚ್ಚು ರಕ್ತ ಹೋಗಿತ್ತು. ಮೈಸೊಪ್ರೊಸ್ಟಾಲ್ ಪಡೆದವರಲ್ಲಿ ಶೇ. 6.4. ಲೀಟರಿನಷ್ಟು ರಕ್ತ ಹೋಗುವ ತೀವ್ರ ಸ್ಥಿತಿ ಶೇ. 1.2ರಿಂದ 0.2ಕ್ಕೆ ಇಳಿದಿತ್ತು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಈ ಬಳಕೆಗೆ ಮೈಸೊಪ್ರೊಸ್ಟಾಲನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಗೆರೆ ಹಾಕಿದ ಹಾಳೆಯ ಉಪಾಯವೂ ದೂರ ನಡೆಯಿತು. ಕೆನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂಥ ಹಾಳೆಯಿಂದ ಅಳೆದು ಕೂಡಲೇ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೆ ಕೊಟ್ಟಾಗ ತೀವ್ರ ರಕ್ತಸ್ರಾವ ಮತ್ತು ಅದರ ದುಷ್ಪರಿಣಾಮಗಳು ಶೇ. 60ರಷ್ಟು ಇಳಿದವು. ಬೆಳಗಾವಿಯ ಹಳ್ಳಿಗಳ ತಾಯಂದಿರು, ನರ್ಸಮ್ಮಂದಿರು ಜಗತ್ತಿನ ತಾಯಂದಿರಿಗೆ ಮಾಡಿದ ಈ ಉಪಕಾರ ನಮ್ಮ ಪಠ್ಯಪುಸ್ತಕಗಳಲ್ಲಿ ಇರಬೇಕಾದದ್ದು.

ಆಸ್ಪತ್ರೆ ಹತ್ತಿರವಾದ ಮೇಲೆ

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾಯಿತು. ಊರಿನ ಸೊಸೆಯೇ ಆಶಾ ಕಾರ್ಯಕರ್ತೆಯಾದಳು. ಜನನಿ ಸುರಕ್ಷಾ ಯೋಜನೆ ಆಸ್ಪತ್ರೆ ಹೆರಿಗೆಗೆ ಹಣ ಕೊಟ್ಟಿತು. ಕರ್ನಾಟಕ ಅದಕ್ಕೆ ತನ್ನದೇ ಮಡಿಲು ಕಿಟ್, ಪ್ರಸೂತಿ ಆರೈಕೆ, ತಾಯಿ ಭಾಗ್ಯ ಯೋಜನೆಗಳನ್ನು ಸೇರಿಸಿತು. 2008ರ ರಾಜ್ಯೋತ್ಸವದ ದಿನ 108 ಆಂಬುಲೆನ್ಸ್ ರಸ್ತೆಗಿಳಿಯಿತು. ಆರೋಗ್ಯದ ವಿವರ ಬರೆದ ತಾಯಿ ಕಾರ್ಡ್ ಬಸುರಿಯ ಜೊತೆ ತವರಿಗೂ ಗಂಡನ ಮನೆಗೂ ಓಡಾಡಿತು. 2005-06ರಲ್ಲಿ ರಾಜ್ಯದ ಹೆರಿಗೆಗಳಲ್ಲಿ ಸುಮಾರು ಶೇ. 65 ಆಸ್ಪತ್ರೆಯಲ್ಲಿ ಆಗುತ್ತಿದ್ದವು, ಹತ್ತು ವರ್ಷದಲ್ಲಿ ಅದು ಶೇ. 94 ಆಯಿತು.

ಸಾವಿನ ಅಂಕಿಯೂ ಇಳಿಯಿತು. ಲಕ್ಷ ಜನನಕ್ಕೆ 2001-03ರಲ್ಲಿ 228, 2007-09ರಲ್ಲಿ 178, 2011-13ರಲ್ಲಿ 133, 2018-20ರಲ್ಲಿ 69, 2019-21ರಲ್ಲಿ 63. ಎರಡು ದಶಕದಲ್ಲಿ ಕಾಲುಭಾಗದ ಆಸುಪಾಸಿಗೆ ಬಂದದ್ದು ದೊಡ್ಡ ಸಾಧನೆ. ಆಶಾ, ನರ್ಸಮ್ಮ, ಆಂಬುಲೆನ್ಸ್ ಚಾಲಕ, ಸರ್ಕಾರಿ ಆಸ್ಪತ್ರೆಯ ರಾತ್ರಿ ಪಾಳಿಯ ವೈದ್ಯೆ, ಇವರ ಹೆಸರು ಯಾವ ಶಾಸನದಲ್ಲೂ ಇರುವುದಿಲ್ಲ. ಈ ಇಳಿಕೆ ಅವರದು.

ಆದರೂ 2018-20ರಲ್ಲಿ ಕೇರಳದ ಅಂಕಿ 19, ತೆಲಂಗಾಣದ್ದು 43, ಆಂಧ್ರದ್ದು 45, ತಮಿಳುನಾಡಿನದು 54. ದಕ್ಷಿಣದಲ್ಲಿ ಕರ್ನಾಟಕದ್ದೇ ಹೆಚ್ಚು. ಆಸ್ಪತ್ರೆ ಹತ್ತಿರವಾದ ಮೇಲೂ ತಾಯಂದಿರು ಸಾಯುವುದೇಕೆ? ಒಂದು ಕಾರಣ ರಕ್ತಹೀನತೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಬಸುರಿಯರಲ್ಲಿ ಸುಮಾರು ಶೇ. 45 ಮಂದಿಗೆ ರಕ್ತ ಕಡಿಮೆ. ಮೈಯಲ್ಲಿ ರಕ್ತ ಕಡಿಮೆಯಿದ್ದವಳಿಗೆ ಎರಡು ಗಂಟೆಯ ಗಡುವೂ ಸಿಗುವುದಿಲ್ಲ. 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಐವರಲ್ಲಿ ಒಬ್ಬಳಿಗೆ ಹದಿನೆಂಟರೊಳಗೇ ಮದುವೆಯಾಗಿದೆ. 1894ರಲ್ಲಿ ಶುರುವಾದ ಕೆಲಸ ಇನ್ನೂ ಮುಗಿದಿಲ್ಲ. ಸಿಸೇರಿಯನ್ ಈಗ ಸುಮಾರು ಮೂರು ಹೆರಿಗೆಗೆ ಒಂದು. ಬೇಕಾದಲ್ಲಿ ಅದು ಜೀವ ಉಳಿಸುತ್ತದೆ, ಬೇಡದ ಕಡೆ ಹೊಸ ಅಪಾಯ ತರುತ್ತದೆ.

2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸತ್ತರು. ಅವರಿಗೆ ಕೊಟ್ಟ ಐವಿ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಿತ್ತು. ನಾಡು ತಲ್ಲಣಿಸಿತು. ಆಸ್ಪತ್ರೆಗೆ ಬನ್ನಿ ಎಂದು ಇಪ್ಪತ್ತು ವರ್ಷ ಮನೆಮನೆಗೆ ಹೋಗಿ ಕರೆದವರು ನಾವು. ನಂಬಿ ಬಂದ ಹೆಣ್ಣುಮಕ್ಕಳು ಆಸ್ಪತ್ರೆಯಲ್ಲೇ ಸತ್ತಾಗ ಆ ಕರೆಯ ಹೊಣೆ ಹೊರಲೇಬೇಕು. ಸರ್ಕಾರ ರಾಜ್ಯದಾದ್ಯಂತ ಸಾವುಗಳ ಪರಿಶೀಲನೆ ನಡೆಸಿತು. 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ 464 ಸಾವುಗಳಲ್ಲಿ ಶೇ. 70ರಷ್ಟನ್ನು ತಪ್ಪಿಸಬಹುದಿತ್ತು ಎಂಬುದು ಅದರ ತೀರ್ಮಾನ.

ಈ ತೀರ್ಮಾನವನ್ನು ಕಡತಕ್ಕೆ ಕಟ್ಟಿ ಇಡಬಾರದು. ಕೇರಳದ ಪ್ರಸೂತಿ ತಜ್ಞರು 2004ರಿಂದ ಪ್ರತಿ ತಾಯಿಯ ಸಾವನ್ನೂ ಹೆಸರು ಬಿಟ್ಟು, ಗುಟ್ಟು ಕಾಪಾಡಿ ಪರಿಶೀಲಿಸುತ್ತ ಬಂದಿದ್ದಾರೆ. ಯಾರನ್ನು ಶಿಕ್ಷಿಸಬೇಕು ಎಂದು ಅಲ್ಲಿ ಕೇಳುವುದಿಲ್ಲ. ಎಲ್ಲಿ ತಪ್ಪಿತು, ನಾಳೆ ಏನು ಬದಲಿಸಬೇಕು ಎಂದು ಕೇಳುತ್ತಾರೆ. ಬ್ರಿಟನ್ 1952ರಿಂದ ಇದೇ ದಾರಿಯಲ್ಲಿದೆ. ಹೆದರಿದ ನೌಕರ ಸಾವನ್ನು ಮುಚ್ಚಿಡುತ್ತಾನೆ. ಮುಚ್ಚಿಟ್ಟ ಸಾವಿನಿಂದ ಯಾರೂ ಕಲಿಯಲಾರರು.

ಕರ್ನಾಟಕಕ್ಕೆ ಈಗ ಬೇಕಾಗಿರುವುದು ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿಯೂ ಸಿಗುವ ರಕ್ತ, ಅರಿವಳಿಕೆ ತಜ್ಞ, ಪರೀಕ್ಷೆಯಾದ ಔಷಧ, ಹೆರಿಗೆ ಕೋಣೆಯಲ್ಲಿ ಕಡ್ಡಾಯವಾಗಿ ರಕ್ತ ಅಳೆಯುವ ಹಾಳೆ, ಬಸುರಿಯ ಹೊಟ್ಟೆಗೆ ನಿಜಕ್ಕೂ ಸೇರುವ ಕಬ್ಬಿಣದ ಮಾತ್ರೆ. ಇವು ಮೊದಲು ಬೇಕಾಗಿರುವುದು ಯಾದಗಿರಿ, ರಾಯಚೂರು, ಕೊಪ್ಪಳಗಳಲ್ಲಿ. ರಾಜ್ಯದಲ್ಲಿ ವರ್ಷಕ್ಕೆ ಎಂಟು ಲಕ್ಷಕ್ಕೂ ಹೆಚ್ಚು ಹೆರಿಗೆಗಳಾಗುತ್ತವೆ. ಕೇರಳದ ಮಟ್ಟ ಮುಟ್ಟಿದರೆ ಪ್ರತಿ ವರ್ಷ ಮುನ್ನೂರಕ್ಕೂ ಹೆಚ್ಚು ತಾಯಂದಿರು ಬದುಕಿ ಉಳಿಯುತ್ತಾರೆ. ಅವರನ್ನು ಉಳಿಸುವ ಬಗೆ ನಮಗೆ ಗೊತ್ತಿದೆ, ಆದ್ದರಿಂದ ಉಳಿಸದೆ ಇರುವ ಹಕ್ಕು ನಮಗಿಲ್ಲ.